ಫಾಲಿಕ್ಯುಲರ್ ಲಿಂಫೋಮಾ, ಮೂರನೇ ಹಂತ, ಆದರೂ "ಈಗ ಔಷಧಿ ಬೇಡ" ಅಂತಾರೆ. ಇದು ಸರಿಯಾ?

ಬೆಳ್ಳಿಗೆರೆ:
ಅಪ್ಪನಿಗೆ 63 ವರ್ಷ. ಕುತ್ತಿಗೆಯ ಎಡಗಡೆ ಒಂದು ಗಂಟು ಇತ್ತು. ನೋವಿಲ್ಲ, ಜ್ವರವಿಲ್ಲ. ಒಮ್ಮೆ ದೊಡ್ಡದಾದ ಹಾಗೆ, ಮತ್ತೆ ಸಣ್ಣದಾದ ಹಾಗೆ ಕಾಣುತ್ತಿತ್ತು. ಹಾಗಾಗಿ ಬಹಳ ದಿನ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೊದಲು ಸೂಜಿ ಚುಚ್ಚಿ ನೋಡಿದರು, ಏನೂ ಖಚಿತವಾಗಲಿಲ್ಲ. ಆಮೇಲೆ ಇಡೀ ಗಂಟನ್ನೇ ತೆಗೆದು ಬಯಾಪ್ಸಿಗೆ ಕಳಿಸಿದರು. ಫಾಲಿಕ್ಯುಲರ್ ಲಿಂಫೋಮಾ (ದುಗ್ಧಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್), ಗ್ರೇಡ್ 1-2, ಅಂದರೆ ನಿಧಾನದ್ದು ಅಂತ ವರದಿ ಬಂತು. ಪೆಟ್ ಸ್ಕ್ಯಾನ್‌ನಲ್ಲಿ ಕುತ್ತಿಗೆ, ಕಂಕುಳು, ಹೊಟ್ಟೆಯೊಳಗೆ ಸಣ್ಣ ಸಣ್ಣ ಗಂಟುಗಳು. ಯಾವುದೂ 3 ಸೆಂ.ಮೀ. ದಾಟಿಲ್ಲ. ರಕ್ತ ಪರೀಕ್ಷೆ ಸರಿಯಾಗಿದೆ. ಮೂರನೇ ಹಂತ ಅಂದರು.

ಇಷ್ಟೆಲ್ಲ ಆದ ಮೇಲೆ ಡಾಕ್ಟರ್ ಹೇಳಿದ್ದು: "ಈಗ ಯಾವ ಔಷಧಿಯೂ ಬೇಡ, ಮೂರು ತಿಂಗಳಿಗೆ ಬನ್ನಿ." ಅಣ್ಣನಿಗೆ ಸಿಟ್ಟು ನೆತ್ತಿಗೇರಿದೆ, ನಾಳೆಯೇ ಕೀಮೋ ಶುರು ಮಾಡುವ ಬೇರೆ ಕಡೆ ಹೋಗೋಣ ಅಂತಾನೆ. ಅಮ್ಮನ ಭಯ ಬೇರೆ. ಇನ್ನು ಏನೂ ಮಾಡೋಕಾಗಲ್ಲ ಅಂತ ಡಾಕ್ಟರ್ ಕೈ ಚೆಲ್ಲಿದ್ದಾರೆ ಅಂದುಕೊಂಡಿದ್ದಾರೆ. ಅಪ್ಪ ಮಾತ್ರ ಆರಾಮಾಗಿ ಓಡಾಡಿಕೊಂಡಿದ್ದಾರೆ. ಈ ಕಾಯಿಲೆ ಗೊತ್ತಿರುವವರು ದಯವಿಟ್ಟು ಹೇಳಿ.

ಓದುಗ77:
ಮೂರನೇ ಹಂತದ ಕ್ಯಾನ್ಸರ್ ಇಟ್ಟುಕೊಂಡು ಸುಮ್ನೆ ಕೂರೋದಾ? ಬೇರೆ ಡಾಕ್ಟರ್ ನೋಡಿ.

ನಿಧಾನಿ:
ನನಗೂ ಇದೇ ಕಾಯಿಲೆ, ಇದೇ ಗ್ರೇಡ್. ವರ್ಷಗಳಿಂದ ಒಂದು ಮಾತ್ರೆಯೂ ಇಲ್ಲದೆ ಇದ್ದೇನೆ. ಕೆಲಸಕ್ಕೆ ಹೋಗುತ್ತೇನೆ, ಮಕ್ಕಳ ಹಿಂದೆ ಓಡುತ್ತೇನೆ. ನಿಮ್ಮ ಅಮ್ಮನಿಗೆ ಮೊದಲು ಇದನ್ನು ಹೇಳಿ: ಡಾಕ್ಟರ್ ಕೈ ಚೆಲ್ಲಿಲ್ಲ. ನಿಧಾನವಾಗಿ ಬೆಳೆಯುವ ಲಿಂಫೋಮಾಕ್ಕೆ 'ಗಮನಿಸುತ್ತ ಕಾಯುವುದು' ಅನ್ನೋದೇ ಒಂದು ಒಪ್ಪಿತ ಕ್ರಮ. ಮೂರು ತಿಂಗಳಿಗೊಮ್ಮೆ ಕೈಯಿಂದ ಮುಟ್ಟಿ ನೋಡುತ್ತಾರೆ, ರಕ್ತ ನೋಡುತ್ತಾರೆ, ತೂಕ ಕೇಳುತ್ತಾರೆ.

ಕಷ್ಟ ಇಲ್ಲ ಅಂತಲ್ಲ. ಮೊದಲ ವರ್ಷ ದಿನಾ ಸ್ನಾನ ಮಾಡುವಾಗ ಕುತ್ತಿಗೆ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದೆ. ಒತ್ತಿದ ಜಾಗವೇ ಊದಿಕೊಳ್ಳುತ್ತಿತ್ತು, ಅದನ್ನು ನೋಡಿ ಮತ್ತೆ ಹೆದರುತ್ತಿದ್ದೆ. ತಿಂಗಳಿಗೊಂದು ಸಲ ಸಾಕು ಅಂತ ನನ್ನ ಡಾಕ್ಟರ್ ಗದರಿದ ಮೇಲೆ ಬಿಟ್ಟೆ.

ನೇರಮಾತು:
ನನಗೆ ಇದು ಒಪ್ಪಿಗೆಯಿಲ್ಲ. ಎಲ್ಲ ಕ್ಯಾನ್ಸರ್‌ಗೂ ಬೇಗ ಹಿಡಿದು ಬೇಗ ಚಿಕಿತ್ಸೆ ಮಾಡಿ ಅಂತ ನಮಗೆ ಹೇಳಿಕೊಟ್ಟವರು ಇದೇ ಡಾಕ್ಟರ್‌ಗಳು. ನಮ್ಮ ಚಿಕ್ಕಮ್ಮನ ಸ್ತನ ಕ್ಯಾನ್ಸರ್ ಮೊದಲ ಹಂತದಲ್ಲೇ ಸಿಕ್ಕಿತು, ಈಗ ಪೂರ್ತಿ ವಾಸಿ. ಇಲ್ಲಿ ಮಾತ್ರ ಹರಡಲಿ ಅಂತ ಕಾಯೋದು ಯಾವ ನ್ಯಾಯ?

ಸೂಕ್ಷ್ಮದರ್ಶಿ:
ಪೆಥಾಲಜಿ ನನ್ನ ಕೆಲಸ, ಇಂಥ ಗಂಟುಗಳನ್ನು ದಿನಾ ನೋಡುತ್ತೇನೆ. @ನೇರಮಾತು, ನಿಮ್ಮ ಪ್ರಶ್ನೆ ಸಹಜ. ಆದರೆ ಸ್ತನದ ಗಡ್ಡೆಯ ಹಂತವನ್ನು ಲಿಂಫೋಮಾದ ಹಂತದ ಪಕ್ಕ ಇಡಬೇಡಿ. ಲಿಂಫೋಮಾ ಹುಟ್ಟುವುದು ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣದಿಂದ, ಅದು ಹುಟ್ಟಿನಿಂದಲೇ ದೇಹವೆಲ್ಲ ಸುತ್ತುವ ಕಣ. ಅದು ಕೆಟ್ಟರೂ ಸುತ್ತುವುದನ್ನು ಬಿಡುವುದಿಲ್ಲ. ಆದ್ದರಿಂದ ಫಾಲಿಕ್ಯುಲರ್ ಲಿಂಫೋಮಾ ಪತ್ತೆಯಾಗುವಾಗ ಬಹುಪಾಲು ಜನರಲ್ಲಿ ಮೂರು ಅಥವಾ ನಾಲ್ಕನೇ ಹಂತವೇ ಇರುತ್ತದೆ. ಡಯಾಫ್ರಮ್‌ನ (ಎದೆಗೂ ಹೊಟ್ಟೆಗೂ ನಡುವಿನ ಪರದೆ) ಮೇಲೆ ಮಾತ್ರ ಅಥವಾ ಕೆಳಗೆ ಮಾತ್ರ ಇದ್ದರೆ 1-2, ಎರಡೂ ಕಡೆ ಇದ್ದರೆ 3, ಎಲುಬಿನ ಮಜ್ಜೆಗೋ ಬೇರೆ ಅಂಗಕ್ಕೋ ಹೋಗಿದ್ದರೆ 4. ಎಷ್ಟು ದಿನ ಬದುಕುತ್ತಾರೆ ಅಂತ ಈ ಅಂಕಿಯೊಂದೇ ಹೇಳುವುದಿಲ್ಲ.

ಇಲ್ಲಿ ಕಾಯಿಲೆ ಹೇಗೆ ಶುರುವಾಗುತ್ತದೆ ಅನ್ನೋದೂ ಮುಖ್ಯ. 14 ಮತ್ತು 18ನೇ ಕ್ರೋಮೋಸೋಮ್‌ಗಳ ತುಂಡು ಅದಲು ಬದಲಾಗಿ ಬಿಸಿಎಲ್2 ಅನ್ನುವ ಪ್ರೋಟೀನ್ ಜಾಸ್ತಿ ತಯಾರಾಗುತ್ತದೆ. ಈ ಪ್ರೋಟೀನ್ ಕಣವನ್ನು ಸಾಯಲು ಬಿಡುವುದಿಲ್ಲ. ಅಂದರೆ ಇಲ್ಲಿ ಕಣಗಳು ಭರದಿಂದ ಹುಟ್ಟುತ್ತಿಲ್ಲ, ಹುಟ್ಟಿದವು ಸಾಯದೆ ಕೂಡಿಕೊಳ್ಳುತ್ತಿವೆ. ಗಂಟು ನಿಧಾನವಾಗಿ ಬೆಳೆಯಲು ಮುಖ್ಯ ಕಾರಣ ಇದೇ. ಕೀಮೋ ಹೆಚ್ಚಾಗಿ ವೇಗವಾಗಿ ಒಡೆಯುವ ಕಣಗಳನ್ನು ಹೊಡೆಯುತ್ತದೆ. ನಿಧಾನದ ಕಣಗಳು ಕುಗ್ಗುತ್ತವೆ, ಆದರೆ ಬೇರು ಸಮೇತ ಹೋಗುವುದು ಕಷ್ಟ.

ಇನ್ನೊಂದು ವಿಷಯ. ಇಡೀ ಗಂಟು ತೆಗೆಸಿದ್ದು ತುಂಬ ಒಳ್ಳೆಯದಾಯಿತು. ಸೂಜಿಯಲ್ಲಿ ಬಿಡಿ ಕಣಗಳು ಬರುತ್ತವೆ, ಗಂಟಿನ ಒಳಗಿನ ಜೋಡಣೆ ಕಾಣುವುದಿಲ್ಲ. ಫಾಲಿಕಲ್ ಅಂತ ಕರೆಯೋದೇ ಆ ಜೋಡಣೆಯನ್ನು. ಗ್ರೇಡ್ ಕೂಡ ಅದನ್ನು ನೋಡಿಯೇ ಹೇಳಬೇಕು. 3ಬಿ ಗ್ರೇಡ್ ಬಂದಿದ್ದರೆ ಕಥೆಯೇ ಬೇರೆ, ಅದನ್ನು ವೇಗದ ಲಿಂಫೋಮಾದ ಹಾಗೆಯೇ ತಕ್ಷಣ ಚಿಕಿತ್ಸೆ ಮಾಡುತ್ತಾರೆ.

ಮಳೆಹನಿ:
ಸೂಜಿ ಪರೀಕ್ಷೆ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ನನ್ನ ಗಂಡನ ಕುತ್ತಿಗೆ ಗಂಟಿಗೆ ಬರೀ ಸೂಜಿ ಪರೀಕ್ಷೆ ಮಾಡಿ ಟಿಬಿ ಇರಬಹುದು ಅಂತ ಊಹಿಸಿ ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಟ್ಟರು. ಗಂಟು ಕರಗಲಿಲ್ಲ. ಮಾತ್ರೆಯಿಂದ ಲಿವರ್ ಹಾಳಾಯಿತು. ಕೊನೆಗೆ ಬೇರೆ ಕಡೆ ಗಂಟು ತೆಗೆಸಿದಾಗ ಲಿಂಫೋಮಾ ಅಂತ ಬಂತು. ಟಿಬಿಗೂ ಲಿಂಫೋಮಾಗೂ ಗಂಟು, ಜ್ವರ, ಬೆವರು, ತೂಕ ಇಳಿಯೋದು ಎಲ್ಲ ಒಂದೇ ಥರ. ಪರೀಕ್ಷೆಯಲ್ಲಿ ಟಿಬಿ ಕಾಣದೆ ಊಹೆಯ ಮೇಲೆ ಮಾತ್ರೆ ಕೊಟ್ಟರೆ, ಗಂಟು ತೆಗೆದು ನೋಡಿ ಅಂತ ಕೇಳಲೇಬೇಕು. ಇದನ್ನು ಓದುವ ಒಬ್ಬರಿಗಾದರೂ ಉಪಯೋಗವಾಗಲಿ.

ಸೂಕ್ಷ್ಮದರ್ಶಿ:
@ಮಳೆಹನಿ, ಹಾಗಾಗಬಾರದಿತ್ತು. ಇದರ ಜೊತೆ ಇನ್ನೊಂದನ್ನೂ ಸೇರಿಸಿಕೊಳ್ಳಿ. ಬಯಾಪ್ಸಿಗೆ ಮೊದಲು ಸ್ಟೀರಾಯ್ಡ್ ಮಾತ್ರೆ ತಗೊಳ್ಳಬೇಡಿ. ಲಿಂಫೋಮಾ ಕಣಗಳು ಸ್ಟೀರಾಯ್ಡ್‌ಗೆ ಕರಗುತ್ತವೆ. ಗಂಟು ಕುಗ್ಗಿದ್ದು ನೋಡಿ ಮನೆಯವರು ಖುಷಿಪಡುತ್ತಾರೆ, ನಮಗೆ ಸ್ಲೈಡ್‌ನಲ್ಲಿ ಏನೂ ಸಿಗುವುದಿಲ್ಲ.

ನೇರಮಾತು:
ಕಣ, ಕ್ರೋಮೋಸೋಮ್ ಎಲ್ಲ ಸರಿ. ಕಾದರೆ ನಷ್ಟವಿಲ್ಲ ಅನ್ನೋದಕ್ಕೆ ಆಧಾರ ಏನು? ಅದನ್ನು ಹೇಳಿ.

ಪುಟತಿರುವು:
ಆಧಾರ ಇದೆ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಬಂತು. ತೊಂದರೆ ಕೊಡದ, ಮುಂದುವರಿದ ಹಂತದ ನಿಧಾನ ಲಿಂಫೋಮಾ ಇದ್ದ 309 ಜನ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಕ್ಷಣ ಕ್ಲೋರಾಂಬುಸಿಲ್ ಅನ್ನುವ ಕೀಮೋ ಮಾತ್ರೆ, ಇನ್ನೊಂದು ಗುಂಪಿಗೆ ಬೇಕಾದಾಗ ಮಾತ್ರ ಚಿಕಿತ್ಸೆ. ಬಹಳ ವರ್ಷ ಹಿಂಬಾಲಿಸಿ ನೋಡಿದರೆ ಬದುಕಿದ ಕಾಲದಲ್ಲಿ ವ್ಯತ್ಯಾಸವೇ ಸಿಗಲಿಲ್ಲ. ಕಾದವರಲ್ಲಿ ಸುಮಾರು ಐವರಿಗೆ ಒಬ್ಬರಂತೆ 10 ವರ್ಷವಾದರೂ ಕೀಮೋ ಬೇಕಾಗಲಿಲ್ಲ. 70 ದಾಟಿದವರಲ್ಲಿ ಈ ಪ್ರಮಾಣ 40%.

ನೇರಮಾತು:
ಅದು ಹಳೆಯ ಮಾತ್ರೆ. ಈಗ ರಿಟುಕ್ಸಿಮ್ಯಾಬ್ ಅನ್ನುವ ಆ್ಯಂಟಿಬಾಡಿ ಔಷಧಿ ಇದೆ ಅಲ್ವಾ? ಅದು ಕೀಮೋ ಕೂಡ ಅಲ್ಲ. ಅದನ್ನು ಬೇಗ ಕೊಟ್ಟರೆ?

ಪುಟತಿರುವು:
ಸರಿಯಾದ ಪ್ರಶ್ನೆ. ಅದಕ್ಕೂ ಅಧ್ಯಯನ ಆಗಿದೆ, 2014ರಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಬಂತು. ಮೂರು ವರ್ಷದ ಹೊತ್ತಿಗೆ ಹೊಸ ಚಿಕಿತ್ಸೆ ಬೇಕಾಗದೆ ಇದ್ದವರು ಕಾದ ಗುಂಪಿನಲ್ಲಿ 46%, ರಿಟುಕ್ಸಿಮ್ಯಾಬ್ ಕೊಟ್ಟು ಎರಡು ವರ್ಷ ಮುಂದುವರಿಸಿದ ಗುಂಪಿನಲ್ಲಿ 88%. ಬದುಕಿದ ಕಾಲ ಮಾತ್ರ ಎರಡರಲ್ಲೂ ಒಂದೇ.

ನೇರಮಾತು:
46 ಎಲ್ಲಿ, 88 ಎಲ್ಲಿ! ನೀವೇ ನನ್ನ ಪರವಾಗಿ ವಾದಿಸಿದಿರಿ. ದಿನಾ ಹೆದರಿಕೊಂಡು ಬದುಕುವುದಕ್ಕಿಂತ ಅದು ಎಷ್ಟೋ ಮೇಲು.

ನಿಧಾನಿ:
ಹೆದರಿಕೆಯ ವಿಷಯದಲ್ಲಿ @ನೇರಮಾತು ಹೇಳಿದ್ದರಲ್ಲಿ ಹುರುಳಿದೆ. ಅದೇ ಅಧ್ಯಯನದಲ್ಲಿ ಔಷಧಿ ತೆಗೆದುಕೊಂಡವರು ಕಾಯಿಲೆಗೆ ಮನಸ್ಸನ್ನು ಚೆನ್ನಾಗಿ ಹೊಂದಿಸಿಕೊಂಡಿದ್ದರು ಅಂತಲೂ ಬಂದಿದೆ. ಕಾಯಲು ಆಗದೇ ಒದ್ದಾಡುವವರಿಗೆ ಡಾಕ್ಟರ್ ಜೊತೆ ಮಾತಾಡಿ ರಿಟುಕ್ಸಿಮ್ಯಾಬ್ ತಗೊಳ್ಳುವುದು ತಪ್ಪಲ್ಲ. ನಾನು ತಗೊಳ್ಳಲಿಲ್ಲ, ಕಾರಣ ಇಷ್ಟೇ: ಅಷ್ಟೇ ಕಾಲ ಬದುಕುವುದಾದರೆ ಸೋಂಕಿನ ಅಪಾಯ ಯಾಕೆ ಮೈಮೇಲೆ ಹಾಕಿಕೊಳ್ಳಲಿ? ಬೇರೆಯವರು ಬೇರೆ ಥರ ಯೋಚಿಸಬಹುದು. ಆದರೆ ಮೂಲ ಪ್ರಶ್ನೆ ಕೇಳಿದವರ ಅಪ್ಪ ಆರಾಮಾಗಿದ್ದಾರೆ. ಹೆದರಿರುವುದು ಮನೆಯವರು. ಮನೆಯವರ ಭಯಕ್ಕೆ ಅಪ್ಪನ ಕೈಗೆ ಸೂಜಿ ಹಾಕಬಾರದು ಅಂತ ನನ್ನ ಅನಿಸಿಕೆ.

ಬೆಳ್ಳಿಗೆರೆ:
@ನಿಧಾನಿ, ಈ ಮಾತು ತಟ್ಟಿತು. ಅಣ್ಣನಿಗೆ ಓದಿಸಿದೆ, ಅವನು ಏನೂ ಮಾತಾಡಲಿಲ್ಲ. ಆಮೇಲೆ ಒಂದು ಕೇಳಿದ, ಅದು ಒಳ್ಳೆಯ ಪ್ರಶ್ನೆ: ಕಾಯುವುದಾದರೆ ಯಾವಾಗಿನ ತನಕ? ಏನಾದರೆ ಚಿಕಿತ್ಸೆ ಶುರು ಮಾಡುತ್ತಾರೆ?

ಪುಟತಿರುವು:
ಅದಕ್ಕೆ ಜಿಇಎಲ್‌ಎಫ್ ಅನ್ನುವ ಮಾನದಂಡ ಇದೆ, ಫ್ರಾನ್ಸಿನ ಗುಂಪು ಮಾಡಿದ್ದು. ಒಂದು ಗಂಟು 7 ಸೆಂ.ಮೀ. ಮುಟ್ಟಿದರೆ, ಅಥವಾ ಮೂರು ಬೇರೆ ಬೇರೆ ಜಾಗದ ಗಂಟುಗಳು ತಲಾ 3 ಸೆಂ.ಮೀ. ಆದರೆ, ಅಥವಾ ಗುಲ್ಮ ದೊಡ್ಡದಾದರೆ, ಎದೆಯಲ್ಲೋ ಹೊಟ್ಟೆಯಲ್ಲೋ ನೀರು ತುಂಬಿದರೆ, ರಕ್ತಕಣ ಇಳಿದರೆ, ಗಂಟು ಮೂತ್ರನಾಳದಂಥ ಕಡೆ ಒತ್ತುತ್ತಿದ್ದರೆ. ಜೊತೆಗೆ 'ಬಿ' ಲಕ್ಷಣಗಳು: ಕಾರಣವಿಲ್ಲದೆ 38 ಡಿಗ್ರಿ ಮೀರುವ ಜ್ವರ, ಬಟ್ಟೆ ಹಾಸಿಗೆ ತೊಯ್ದು ಹೋಗುವಷ್ಟು ರಾತ್ರಿ ಬೆವರು, ಆರು ತಿಂಗಳಲ್ಲಿ 10%ಗಿಂತ ಜಾಸ್ತಿ ತೂಕ ಇಳಿಯುವುದು. ಇವುಗಳಲ್ಲಿ ಒಂದು ಬಂದರೂ ಚಿಕಿತ್ಸೆಯ ಮಾತು ಎತ್ತುತ್ತಾರೆ. ನೀವು ಬರೆದ ಪ್ರಕಾರ ನಿಮ್ಮ ಅಪ್ಪನಿಗೆ ಇದರಲ್ಲಿ ಯಾವುದೂ ಇಲ್ಲ.

ಓದುಗ77:
ಇಷ್ಟು ಸ್ಪಷ್ಟವಾದ ಪಟ್ಟಿ ಇದೆ ಅಂತ ಗೊತ್ತಿರಲಿಲ್ಲ. ಡಾಕ್ಟರ್‌ಗಳು ಇದನ್ನು ಕಾಗದದಲ್ಲಿ ಬರೆದು ಕೊಟ್ಟರೆ ಅರ್ಧ ಜಗಳ ಮನೆಯಲ್ಲಿ ಆಗೋದೇ ಇಲ್ಲ.

ವಾರ್ಡ್‌ಅಕ್ಕ:
ನಿಜ. ಕೇಳಿದರೆ ಬರೆದು ಕೊಡುತ್ತಾರೆ, ಜನ ಕೇಳುವುದಿಲ್ಲ. ಮೊದಲ ಭೇಟಿಯಲ್ಲಿ ಕ್ಯಾನ್ಸರ್ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಹೇಳಿದ ಏನೂ ಒಳಗೆ ಹೋಗುವುದಿಲ್ಲ. ಎರಡನೇ ಸಲ ಹೋಗುವಾಗ ಪ್ರಶ್ನೆ ಬರೆದುಕೊಂಡು ಹೋಗಿ, ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ.

ಹೂಬಿಸಿಲು:
ನಮ್ಮ ಪರಿಚಯದವರೊಬ್ಬರು ಸಕ್ಕರೆ ಪೂರ್ತಿ ಬಿಟ್ಟು, ಯಾವುದೋ ಬೇರಿನ ಪುಡಿ ತಗೊಂಡು ಗಂಟು ಕರಗಿಸಿಕೊಂಡರು. ಸ್ಕ್ಯಾನ್‌ನಲ್ಲೇ ಕಾಣಿಸಿತು. ಕಾಯುವ ಸಮಯದಲ್ಲಿ ಇದನ್ನು ಮಾಡಿದರೆ ನಷ್ಟ ಏನು?

ಸೂಕ್ಷ್ಮದರ್ಶಿ:
@ಹೂಬಿಸಿಲು, ಅವರ ಗಂಟು ಕರಗಿದ್ದು ನಿಜವೇ ಇರಬಹುದು. ಫಾಲಿಕ್ಯುಲರ್ ಲಿಂಫೋಮಾದಲ್ಲಿ ಕೆಲವರಿಗೆ ಯಾವ ಔಷಧಿಯೂ ಇಲ್ಲದೆ ಗಂಟು ತಾನಾಗಿಯೇ ಕುಗ್ಗುತ್ತದೆ, ಕೆಲವೊಮ್ಮೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಇದು 1980ರ ದಶಕದಿಂದಲೇ ದಾಖಲಾಗಿರುವ ವಿಷಯ. ಆ ಹೊತ್ತಿಗೆ ಏನು ತಿಂದಿದ್ದರೋ ಅದಕ್ಕೆ ಹೆಸರು ಬರುತ್ತದೆ. ಪುಡಿ ಮಾರುವವರು ಬದುಕುವುದು ಇದರ ಮೇಲೆಯೇ, ಅದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಷ್ಟ ಏನು ಅಂದಿರಿ. ಏನಿದೆ ಅಂತ ಗೊತ್ತಿಲ್ಲದ ಪುಡಿಯಿಂದ ಲಿವರ್ ಕೆಡಬಹುದು, ನಾಳೆ ಚಿಕಿತ್ಸೆ ಬೇಕಾದಾಗ ಕೊಡಲು ಆಗದೆ ಹೋಗಬಹುದು. ಸಕ್ಕರೆಯ ಮಾತು ಪೆಟ್ ಸ್ಕ್ಯಾನ್‌ನಿಂದ ಬಂದಿರಬೇಕು. ಅದರಲ್ಲಿ ಗ್ಲೂಕೋಸ್ ಥರದ ವಸ್ತುವನ್ನು ಚುಚ್ಚುತ್ತಾರೆ, ಚುರುಕಾದ ಕಣ ಅದನ್ನು ಜಾಸ್ತಿ ಹೀರಿ ಹೊಳೆಯುತ್ತದೆ. ಮಿದುಳೂ ಹೊಳೆಯುತ್ತದೆ, ಹೃದಯವೂ ಹೊಳೆಯಬಹುದು. ಸಕ್ಕರೆ ಬಿಟ್ಟರೆ ಲಿಂಫೋಮಾ ಉಪವಾಸ ಬಿದ್ದು ಸಾಯುವುದಿಲ್ಲ, ದೇಹ ಬೇರೆ ಆಹಾರದಿಂದ ಗ್ಲೂಕೋಸ್ ಮಾಡಿಕೊಳ್ಳುತ್ತದೆ.

ಹೂಬಿಸಿಲು:
ಎಲ್ಲವನ್ನೂ ಸುಳ್ಳು ಅನ್ನೋದು ಸುಲಭ. ಆದರೆ ತಾನಾಗಿ ಕುಗ್ಗುತ್ತದೆ ಅನ್ನೋದು ಹೊಸ ವಿಷಯ. ಅವರಿಗೂ ಹೇಳುತ್ತೇನೆ, ಸ್ಕ್ಯಾನ್ ತಪ್ಪಿಸಬೇಡಿ ಅಂತ.

ತೊರೆಹಾದಿ:
ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಕ್ಷಮಿಸಿ. ನಮ್ಮ ಅತ್ತೆಗೆ ಜಠರದಲ್ಲಿ ಮಾಲ್ಟ್ ಅನ್ನುವ ಇನ್ನೊಂದು ಬಗೆಯ ಲಿಂಫೋಮಾ ಬಂದಿತ್ತು. ಬರೀ ಆ್ಯಂಟಿಬಯಾಟಿಕ್ ಮತ್ತು ಆ್ಯಸಿಡ್ ಕಡಿಮೆ ಮಾಡುವ ಮಾತ್ರೆ ಕೊಟ್ಟರು, ಹೋಯಿತು! ಇದು ನಿಜವಾಗಿಯೂ ಕ್ಯಾನ್ಸರ್ರಾ ಅಂತ ನಮಗೆ ಇವತ್ತಿಗೂ ಅನುಮಾನ.

ಪುಟತಿರುವು:
ನಿಜವಾಗಿಯೂ ಕ್ಯಾನ್ಸರ್‌ರೇ. ಹೊಟ್ಟೆಯಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಸೇರಿ ಲಿಂಫೋಸೈಟ್‌ಗಳನ್ನು ಸದಾ ಕೆರಳಿಸುತ್ತಿರುತ್ತದೆ. ಆ ಬ್ಯಾಕ್ಟೀರಿಯಾ ಹೋದರೆ ಆರಂಭದ ಹಂತದ ಲಿಂಫೋಮಾ ಬಹಳ ಜನರಲ್ಲಿ ಕರಗುತ್ತದೆ. 1993ರಲ್ಲಿ ಮೊದಲು ತೋರಿಸಿದರು. ಕರಗಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷ ದಾಟುತ್ತದೆ. 11 ಮತ್ತು 18ನೇ ಕ್ರೋಮೋಸೋಮ್ ಅದಲು ಬದಲಾಗಿದ್ದರೆ ಮಾತ್ರ ಹೆಚ್ಚಾಗಿ ಕರಗುವುದಿಲ್ಲ, ಅವರಿಗೆ ರೇಡಿಯೇಷನ್ ಕೊಡುತ್ತಾರೆ. ಅತ್ತೆಗೆ ಎಂಡೋಸ್ಕೋಪಿ ಮುಂದುವರಿಸಿ, ಬಿಡಬೇಡಿ. ಹೆಪಟೈಟಿಸ್ ಸಿ ಇದ್ದವರ ಗುಲ್ಮದ ಲಿಂಫೋಮಾದಲ್ಲೂ ಹೀಗೇ, ವೈರಸ್‌ಗೆ ಔಷಧಿ ಕೊಟ್ಟರೆ ಲಿಂಫೋಮಾ ಇಳಿಯುವುದುಂಟು.

ತೊರೆಹಾದಿ:
ಎಂಡೋಸ್ಕೋಪಿ ನಿಲ್ಲಿಸಿಬಿಟ್ಟಿದ್ದಾರೆ, ಎಲ್ಲ ಸರಿಹೋಯಿತು ಅಂತ. ಈ ವಾರವೇ ಕರೆದುಕೊಂಡು ಹೋಗುತ್ತೇನೆ. ಥ್ಯಾಂಕ್ಸ್.

ಮಳೆಹನಿ:
@ಬೆಳ್ಳಿಗೆರೆ, ಮುಂದೆ ಚಿಕಿತ್ಸೆ ಬೇಕಾದರೂ ಅಷ್ಟು ಹೆದರಬೇಡಿ. ನನ್ನ ಗಂಡನಿಗೆ ಬೆಂಡಾಮುಸ್ಟಿನ್ ಅನ್ನುವ ಕೀಮೋ ಮತ್ತು ರಿಟುಕ್ಸಿಮ್ಯಾಬ್ ಕೊಟ್ಟರು. ತಲೆಕೂದಲು ಉದುರಲಿಲ್ಲ. ಸುಸ್ತು, ವಾಕರಿಕೆ ಇತ್ತು. ಮೊದಲ ರಿಟುಕ್ಸಿಮ್ಯಾಬ್ ದಿನ ಚಳಿ ನಡುಕ ಬಂದು ಹೆದರಿದ್ದೆ. ಡ್ರಿಪ್ ನಿಲ್ಲಿಸಿ, ಇಂಜೆಕ್ಷನ್ ಕೊಟ್ಟು, ನಿಧಾನಕ್ಕೆ ಮತ್ತೆ ಶುರು ಮಾಡಿದರು. ಮುಂದಿನ ಸಲ ಏನೂ ಆಗಲಿಲ್ಲ.

ವಾರ್ಡ್‌ಅಕ್ಕ:
ಮೊದಲ ಸಲ ಹಾಗಾಗುವುದು ಸಾಮಾನ್ಯ, ಅದಕ್ಕೇ ಅವತ್ತು ಇಡೀ ದಿನ ಕೂರಿಸಿಕೊಳ್ಳುತ್ತೇವೆ. ಆದರೆ ಎಲ್ಲರೂ ಒಂದನ್ನು ನೆನಪಿಡಿ. ರಿಟುಕ್ಸಿಮ್ಯಾಬ್ ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಮೇಲ್ಮೈ ಆ್ಯಂಟಿಜನ್ ಒಂದೇ ಸಾಲದು, ಹಿಂದೆ ಸೋಂಕು ಬಂದಿತ್ತಾ ಅಂತ ತೋರಿಸುವ ಕೋರ್ ಆ್ಯಂಟಿಬಾಡಿಯನ್ನೂ ನೋಡಬೇಕು. ಎಂದೋ ಬಂದು ಮಲಗಿರುವ ವೈರಸ್ ಎದ್ದು ಲಿವರ್ ಹೋದವರನ್ನು ನೋಡಿದ್ದೇನೆ. ಪರೀಕ್ಷೆಯಲ್ಲಿ ಬಂದರೆ ಚಿಕಿತ್ಸೆ ನಿಲ್ಲಬೇಕಿಲ್ಲ, ಜೊತೆಗೆ ವೈರಸ್ ತಡೆಯುವ ಮಾತ್ರೆ ಕೊಡುತ್ತಾರೆ. ಯಾರೂ ಹೇಳದಿದ್ದರೂ ನೀವೇ ಕೇಳಿ.

ನೇರಮಾತು:
ಸರಿ, ಕಾಯೋಣ ಅಂತಲೇ ಇಟ್ಟುಕೊಳ್ಳಿ. ಆದರೆ ಈ ನಿಧಾನದ್ದು ಒಂದು ದಿನ ವೇಗದ್ದಾಗಿ ತಿರುಗುತ್ತದೆ ಅಂತ ಓದಿದ್ದೇನೆ. ಆ ಮಾತನ್ನು ಇಲ್ಲಿ ಯಾರೂ ಎತ್ತುತ್ತಿಲ್ಲ.

ಸೂಕ್ಷ್ಮದರ್ಶಿ:
ಎತ್ತಬೇಕಾದ ಮಾತೇ. ವರ್ಷಕ್ಕೆ ನೂರರಲ್ಲಿ ಸುಮಾರು 2-3 ಜನರಲ್ಲಿ ಹಾಗೆ ರೂಪ ಬದಲಾಗುತ್ತದೆ. ಒಂದು ಗಂಟು ವಾರಗಳಲ್ಲಿ ಭರದಿಂದ ಬೆಳೆಯುವುದು, ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಚ್ ಅನ್ನುವ ಕಿಣ್ವ ಏಕಾಏಕಿ ಏರುವುದು, ಹೊಸದಾಗಿ ಜ್ವರ ಬೆವರು ಬರುವುದು, ಇವು ಸೂಚನೆ. ಹಾಗಾದರೆ ಮೂರು ತಿಂಗಳು ಕಾಯಬಾರದು, ಅದೇ ವಾರ ಹೋಗಬೇಕು. ಪೆಟ್ ಸ್ಕ್ಯಾನ್‌ನಲ್ಲಿ ಅತಿ ಹೆಚ್ಚು ಹೊಳೆಯುವ ಗಂಟನ್ನು ಹುಡುಕಿ ಅದರಿಂದಲೇ ಮತ್ತೆ ಬಯಾಪ್ಸಿ ತೆಗೆಯುತ್ತಾರೆ. ಸುಲಭವಾಗಿ ಕೈಗೆ ಸಿಗುವ ಗಂಟಿನಿಂದ ತೆಗೆದರೆ ತಪ್ಪು ಉತ್ತರ ಬರಬಹುದು. ಮೊದಲೇ ಚಿಕಿತ್ಸೆ ಶುರು ಮಾಡಿದರೆ ಈ ಅಪಾಯ ಖಂಡಿತ ತಪ್ಪುತ್ತದೆ ಅಂತ ಯಾರೂ ಸಾಬೀತು ಮಾಡಿಲ್ಲ.

ನೇರಮಾತು:
ಇದು ನೇರ ಉತ್ತರ. ನಾನಾಗಿದ್ದರೆ ಈಗಲೂ ರಿಟುಕ್ಸಿಮ್ಯಾಬ್ ಕೇಳುತ್ತಿದ್ದೆ. ಆದರೆ ಡಾಕ್ಟರ್ ಬದಲಾಯಿಸಿ ಅಂತ ಹೇಳುವುದಿಲ್ಲ.

ಸೂಕ್ಷ್ಮದರ್ಶಿ:
ಎರಡನೇ ಅಭಿಪ್ರಾಯ ಬೇಕು ಅನ್ನಿಸಿದರೆ ಖಂಡಿತ ತಗೊಳ್ಳಿ. ಬರೀ ವರದಿ ಹಿಡಿದುಕೊಂಡು ಹೋಗಬೇಡಿ, ಸ್ಲೈಡ್ ಮತ್ತು ಮೇಣದ ಬ್ಲಾಕ್ (ತೆಗೆದ ಗಂಟಿನ ತುಂಡನ್ನು ಮೇಣದಲ್ಲಿ ಹುದುಗಿಸಿ ಇಟ್ಟದ್ದು) ಕೇಳಿ ತಗೊಂಡು ಹೋಗಿ. ಲಿಂಫೋಮಾವನ್ನೇ ಜಾಸ್ತಿ ನೋಡುವ ಪೆಥಾಲಜಿಸ್ಟ್ ಒಬ್ಬರು ಮತ್ತೆ ನೋಡಿದರೆ ಅದೇ ನಿಜವಾದ ಎರಡನೇ ಅಭಿಪ್ರಾಯ.

ಬೆಳ್ಳಿಗೆರೆ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಸ್ಲೈಡ್, ಬ್ಲಾಕ್ ಕೇಳಿದ್ದೇವೆ, ಕೊಡುತ್ತಾರಂತೆ. ಅಣ್ಣನೂ ಕಾಯಲು ಒಪ್ಪಿದ್ದಾನೆ, ಆದರೆ ಆ ಮಾನದಂಡದ ಪಟ್ಟಿಯನ್ನು ಡಾಕ್ಟರ್ ಕೈಯಿಂದಲೇ ಬರೆಸಿಕೊಳ್ಳಬೇಕು ಅಂತ ಹಟ ಹಿಡಿದಿದ್ದಾನೆ. ಅಪ್ಪನಿಗೆ ಎಲುಬಿನ ಮಜ್ಜೆ ಪರೀಕ್ಷೆ ಮಾಡಿಲ್ಲ. ಪೆಟ್ ಸ್ಕ್ಯಾನ್ ಆದ ಮೇಲೂ ಅದು ಬೇಕಾ? ಇನ್ನು ಲಸಿಕೆ ಹಾಕಿಸಬಹುದಾ?

ಸೂಕ್ಷ್ಮದರ್ಶಿ:
ಫಾಲಿಕ್ಯುಲರ್‌ನಲ್ಲಿ ಮಜ್ಜೆಯ ವಿಷಯಕ್ಕೆ ಪೆಟ್ ಅನ್ನು ಪೂರ್ತಿ ನಂಬಲಾಗದು. ಆದರೆ ಈಗ ಮಾಡಿದರೂ 3 ಇದ್ದದ್ದು 4 ಆಗಬಹುದು ಅಷ್ಟೇ, ಕಾಯುವ ನಿರ್ಧಾರ ಬದಲಾಗುವುದಿಲ್ಲ. ಅದಕ್ಕೇ ಹಲವರು ಚಿಕಿತ್ಸೆ ಶುರು ಮಾಡುವಾಗ ಮಾಡುತ್ತಾರೆ. ಒಂದೇ ಜಾಗದಲ್ಲಿ ಕಾಯಿಲೆ ಇದ್ದು ವಾಸಿಯಾಗಲಿ ಅಂತ ರೇಡಿಯೇಷನ್ ಕೊಡುವುದಾದರೆ ಮೊದಲೇ ಮಾಡಲೇಬೇಕು.

ವಾರ್ಡ್‌ಅಕ್ಕ:
ಲಸಿಕೆಗೆ ಇದೇ ಒಳ್ಳೆಯ ಸಮಯ. ಫ್ಲೂ, ನ್ಯುಮೋಕಾಕಲ್, ಸರ್ಪಸುತ್ತಿನ ರಿಕಾಂಬಿನೆಂಟ್ (ಜೀವಂತ ವೈರಸ್ ಇಲ್ಲದ) ಲಸಿಕೆ ಯಾವುದು ಬೇಕು ಅಂತ ಡಾಕ್ಟರ್ ಹತ್ತಿರ ಕೇಳಿ ಈಗಲೇ ಹಾಕಿಸಿ. ರಿಟುಕ್ಸಿಮ್ಯಾಬ್ ಆದ ಮೇಲೆ ಆರು ತಿಂಗಳಾದರೂ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಜೀವಂತ ವೈರಸ್ ಇರುವ ಲಸಿಕೆ ಮಾತ್ರ ಡಾಕ್ಟರ್‌ನ ಕೇಳದೆ ಬೇಡ.